ಇಳಿಜಾರು ತಪ್ಪಿದ ಟಾಕೀಸು

ಬೇರೆಯವರ ಮನೆಯ ಗೋಡೆಯ ಮೇಲೆ ಫೋಟೊ ಸೊಟ್ಟಗೆ ನೇತಾಡುತ್ತಿದ್ದರೆ ನೋಡಿಕೊಂಡು ಸುಮ್ಮನೆ ಕೂರುವ ಮನುಷ್ಯರು ಈ ಲೋಕದಲ್ಲಿ ಇದ್ದಾರೆಯೇ? ನಾನಂತೂ ಕಂಡಿಲ್ಲ. ನಮ್ಮ ಮನೆಗೆ ಬಂದವರು ಕಾಫಿ ಬರುವುದರೊಳಗೆ ಎದ್ದು ಹೋಗಿ, ನಮ್ಮ ಮಗಳ ಮದುವೆಯ ಫೋಟೊವನ್ನು ನೆಟ್ಟಗೆ ಮಾಡಿಬಿಡುತ್ತಾರೆ. ಮಾಡಿದ ಮೇಲೆ ನನ್ನ ಕಡೆ ತಿರುಗಿ, ದೊಡ್ಡ ಉಪಕಾರ ಮಾಡಿದವರ ಹಾಗೆ ನಗುತ್ತಾರೆ. ನಾನೂ ನಗುತ್ತೇನೆ. ಆದರೆ ಆ ಫೋಟೊ ಸೊಟ್ಟಗಿರುವುದಕ್ಕೆ ಕಾರಣ ಇದೆ. ಕಾರಣ ಹೇಳಬೇಕೆಂದರೆ ನಮ್ಮೂರ ಟಾಕೀಸಿನ ಕಥೆಯನ್ನೇ ಹೇಳಬೇಕು, ಅಷ್ಟು ಹೊತ್ತಿಗೆ ಬಂದವರ ಕಾಫಿ ಆರಿಹೋಗುತ್ತದೆ. ನೀವು ಓದುಗರು. ನಿಮ್ಮ ಕಾಫಿ ನಿಮ್ಮ ಜವಾಬ್ದಾರಿ, ಹಾಗಾಗಿ ಹೇಳುತ್ತೇನೆ.

ಶನಿವಾರಸಂತೆ ಕಡೆಯ ನಮ್ಮ ಪುಟ್ಟ ಪೇಟೆಯ ನಡುಬೀದಿಯಲ್ಲಿ ಆ ಟಾಕೀಸು ಇದೆ. ಮುಂದಿನಿಂದ ನೋಡಿದರೆ ಅರಮನೆ. ದಪ್ಪ ಕಂಬಗಳು, ಕಮಾನು, ಕಮಾನಿನ ಮೇಲೆ ಗಾರೆಯ ಜೋಡಿ ಸಿಂಹ, ಅದರಲ್ಲಿ ಒಂದಕ್ಕೆ ಈಗ ಮೂತಿ ಇಲ್ಲ. ಹಿಂದಿನಿಂದ ನೋಡಿದರೆ ಅಪ್ಪಟ ಕಾಫಿ ಗೋದಾಮು. ಜಿಂಕ್ ಶೀಟಿನ ಮಾಡು, ಗೋಡೆಯ ತುದಿಯಲ್ಲಿ ಸಣ್ಣ ಸಣ್ಣ ಗವಾಕ್ಷಿ, ಮೂಟೆ ಹೊತ್ತವರು ಬಗ್ಗದೆ ನುಗ್ಗಬಹುದಾದಂಥ ಬಾಗಿಲು. ಕಟ್ಟಿಸಿದವರು ಮಾದಾಪುರದ ಕಡೆಯ ಒಬ್ಬ ತೋಟದ ಸಾಹುಕಾರರು. ಅವರು ಮೈಸೂರಿನ ಟಾಕೀಸುಗಳನ್ನು ಹೊರಗಿನಿಂದ ಕಣ್ತುಂಬ ನೋಡಿದ್ದರು. ಕತ್ತಲಲ್ಲಿ ಕೂತರೆ ನಿದ್ದೆ ಬರುತ್ತದೆಂದು ಒಳಗೆ ಹೋದವರಲ್ಲ. ಕಟ್ಟಿದ ಮೇಸ್ತ್ರಿ ಜೀವಮಾನವಿಡೀ ಕಾಫಿ ಒಣಗಿಸುವ ಕಣಗಳನ್ನೂ ಗೋದಾಮುಗಳನ್ನೂ ಕಟ್ಟಿದ್ದ ಕೇರಳದವನು. "ಟಾಕೀಸ್ ನೆಲಕ್ಕೆ ಇಳಿಜಾರು ಇರ್ಬೇಕಂತೆ ಮೇಸ್ತ್ರಿ" ಎಂದರಂತೆ ಸಾಹುಕಾರರು. "ಅದು ನಂಗೆ ಹೇಳಿಕೊಡ್ಬೇಕಾ ಮೊದಲಾಳಿ?" ಎಂದನಂತೆ ಮೇಸ್ತ್ರಿ. ಯಾವ ಕಡೆಗೆ ಎಂದು ಇವರು ಹೇಳಲಿಲ್ಲ, ಅವನು ಕೇಳಲಿಲ್ಲ. ಕಣದಲ್ಲಿ ನೀರು ನಿಲ್ಲಬಾರದು, ಹೊರಗೆ ಹರಿದು ಹೋಗಬೇಕು. ಟಾಕೀಸನ್ನೂ ಹಾಗೆಯೇ ಕಟ್ಟಿದ: ಪರದೆಯ ಕಡೆ ಎತ್ತರ, ಬಾಗಿಲಿನ ಕಡೆ ತಗ್ಗು.

ಮೊದಲನೆಯ ಆಟದ ದಿನ ಹಿಂದೆ ಕೂತವರಿಗೆ ಕಂಡದ್ದು ಮುಂದಿನವರ ಮುಡಿ ಮತ್ತು ಮುಂಡಾಸು ಮಾತ್ರವಂತೆ. ಗಲಾಟೆಯಾಯಿತು. ಆಗ ಉಪಾಯ ಹೂಡಿದವನು ಗೇಟಿನಲ್ಲಿದ್ದ ಮಮ್ಮದ್ ಕಾಕ. ಕಾಫಿ ಬೀಜವನ್ನು ದಪ್ಪ ಬೇರೆ, ಸಣ್ಣ ಬೇರೆ ಎಂದು ವಿಂಗಡಿಸುವ ಹಾಗೆ ಅವನು ಊರಿನ ಜನರನ್ನೇ ಎತ್ತರ ನೋಡಿ ವಿಂಗಡಿಸತೊಡಗಿದ. "ನೀ ಉದ್ದ, ಹಿಂದೆ ಹೋಗು. ನೀ ಗಿಡ್ಡ, ಮುಂದೆ." ಟಿಕೆಟಿನಲ್ಲಿ ಏನು ಬರೆದಿದೆ ಎಂದು ಅವನು ನೋಡುತ್ತಿರಲಿಲ್ಲ. ತೋಟದ ಸಾಹುಕಾರರೇ ಆಗಲಿ, ಕೂಲಿ ಲೈನಿನ ಮನೆಯ ಆಳೇ ಆಗಲಿ, ಕುಳ್ಳಗಿದ್ದರೆ ಅಕ್ಕಪಕ್ಕ. ಜಾತಿ, ಭಾಷೆ, ತೋಟದ ಅಳತೆ ಯಾವುದೂ ಆ ಗೇಟಿನೊಳಗೆ ನಡೆಯಲಿಲ್ಲ. ನಾನು ನೋಡುವ ಹೊತ್ತಿಗೆ ಇದು ಊರಿನ ಪದ್ಧತಿಯೇ ಆಗಿಹೋಗಿತ್ತು. ನಾನು ಯಾವಾಗಲೂ ಮುಂದಿನ ಸಾಲು. ಬಾಳಿನಲ್ಲಿ ನಾನು ಮುಂದೆ ಬಂದದ್ದು ಅದೊಂದೇ ಕಡೆ.

ಇನ್ನು ನನ್ನ ಹೆಂಡತಿ ಕಮಲ. ಅವಳು ನನಗಿಂತ ಒಂದು ಗೇಣು ಎತ್ತರ. ಹೆಣ್ಣು ನೋಡಲು ಹೋದಾಗ ಇಬ್ಬರೂ ಕೂತೇ ಇದ್ದೆವು, ಹಾಗಾಗಿ ಗೊತ್ತಾಗಲಿಲ್ಲ. ಗೊತ್ತಾಗುವ ಹೊತ್ತಿಗೆ ಲಗ್ನಪತ್ರಿಕೆ ಅಚ್ಚಾಗಿತ್ತು. ಮದುವೆಯ ಫೋಟೊಗೆ ನನ್ನನ್ನು ಮಣೆಯ ಮೇಲೆ ನಿಲ್ಲಿಸಿದರು. ಫೋಟೊದಲ್ಲಿ ಮಣೆಯೂ ಬಂತು. ನೆಂಟರೆಲ್ಲ ವರನನ್ನು ಬಿಟ್ಟು ಮಣೆಯನ್ನೇ ನೋಡಿ ನಕ್ಕರು. ಅದೇ ವಾರ ಹೊಸ ಜೋಡಿ ಟಾಕೀಸಿಗೆ ಹೋದೆವು. ಮಮ್ಮದ್ ಕಾಕ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ, "ನೀ ಮುಂದೆ, ಅವ್ಳು ಹಿಂದೆ" ಎಂದ. "ಕಾಕ, ಮೊನ್ನೆಯಷ್ಟೇ ಮದುವೆ ಆಗಿದೆ" ಎಂದು ಬೇಡಿಕೊಂಡೆ. "ಮದ್ವೆ ಆದ್ರೆ ಉದ್ದ ಆಯ್ತದಾ?" ಎಂದು ಕೇಳಿದ. ಮುಂದೆ ಹೋಗಿ ಕೂತೆ. ಪರದೆಯ ಮೇಲೆ ಏನು ನಡೆಯಿತೋ ನೆನಪಿಲ್ಲ. ಇಂಟರ್‌ವಲ್ಲಿನಲ್ಲಿ ಎದ್ದು ಇಳಿದು ಬಂದೆ, ಅವಳು ಹತ್ತಿ ಬಂದಳು, ನಡುವಿನ ಓಣಿಯಲ್ಲಿ ಎದುರಾದೆವು. ನಾನು ಮೇಲೆ, ಅವಳು ಕೆಳಗೆ. ಕಣ್ಣಿಗೆ ಕಣ್ಣು ಸರಿಸಮ! ಕಮಲ ನಕ್ಕು, "ಈಗ ಸರಿಯಾಗ್ ಕಾಣ್ತೀರ ನೋಡಿ" ಎಂದಳು. ಮದುವೆಯಾದಾಗಿನಿಂದ ನನ್ನ ಎದೆಯ ಮೇಲಿದ್ದ ಭಾರ ಆ ಓಣಿಯಲ್ಲೇ ಇಳಿಯಿತು. ಆ ಮೇಸ್ತ್ರಿಯನ್ನು ನಾನು ಕಂಡವನಲ್ಲ. ಆದರೆ ಅವನ ತಪ್ಪಿಗೆ ಅವತ್ತಿನಿಂದ ಇವತ್ತಿನವರೆಗೆ ಮನಸ್ಸಿನಲ್ಲೇ ಕೈ ಮುಗಿಯುತ್ತಾ ಬಂದಿದ್ದೇನೆ.

ಜನ ಫೋನಿನಲ್ಲೇ ಸಿನಿಮಾ ನೋಡತೊಡಗಿದ ಮೇಲೆ ಟಾಕೀಸು ಮುಚ್ಚಿತು. ಸಾಹುಕಾರರ ಮೊಮ್ಮಗ ಕುರ್ಚಿಗಳನ್ನೆಲ್ಲ ಕೀಳಿಸಿ ಕಲ್ಯಾಣ ಮಂಟಪ ಮಾಡುತ್ತೇನೆಂದು ಹೊರಟ. ನೆಲವನ್ನೂ ಸಮ ಮಾಡಿಸುತ್ತಾನಂತೆ ಎಂದು ಕೇಳಿ ನನ್ನ ಜೀವ ಹೋದ ಹಾಗಾಯಿತು. ನಮ್ಮ ಮಗಳಿಗೆ ಆಗಷ್ಟೇ ಗಂಡು ಗೊತ್ತಾಗಿತ್ತು. ಓಡಿಹೋಗಿ, "ನಮ್ಮ ಹುಡುಗಿ ಮದುವೆ ಇಲ್ಲೇ ಆಗಲಿ, ಅಲ್ಲಿವರೆಗೆ ನೆಲ ಮುಟ್ಟಬೇಡಪ್ಪ" ಎಂದೆ. "ಅಂಕಲ್, ಎಲೆಗೆ ಬಡಿಸಿದ ಸಾರು ಬಾಗಿಲಿಗೆ ಹೋಗ್ತದೆ" ಎಂದ ಅವನು, ಆದರೂ ಒಪ್ಪಿದ. ಮನೆಯಲ್ಲಿ ಕಮಲ ಕೆಂಡವಾದಳು. "ಊರಲ್ಲಿ ಬೇರೆ ಛತ್ರ ಇಲ್ವಾ? ಬೀಗರ ಮಡಿಲಿಗೆ ಸಾರು ಸುರಿದ್ರೆ ನೀವ್ ಹೋಗಿ ಒರೆಸ್ತೀರಾ?" ನಾನು ಊರಿನ ಹಳೆಯ ಕಟ್ಟಡ, ಅದರ ಶಿಲ್ಪ, ನಮ್ಮ ಪರಂಪರೆ ಎಂದು ದೊಡ್ಡ ಭಾಷಣ ಮಾಡಿದೆ. ನಿಜವಾದ ಕಾರಣ ಪರಂಪರೆಯಲ್ಲ. ಆ ನೆಲ ಹೋಗುವ ಮುಂಚೆ, ಮಣೆ ಇಲ್ಲದೆ, ನನ್ನ ಹೆಂಡತಿಯ ಪಕ್ಕದಲ್ಲಿ ಅವಳಷ್ಟೇ ಎತ್ತರ ನಿಂತ ಒಂದು ಫೋಟೊ ಬೇಕಾಗಿತ್ತು. ಇದನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಗಿ ಸಿಂಹದ ಮೂತಿಯ ಬಗ್ಗೆ ಮಾತಾಡಿದೆ.

ಮದುವೆಯ ದಿನ ಧಾರೆ ಸುಸೂತ್ರವಾಗಿ ಮುಗಿಯಿತು. ಊಟಕ್ಕೆ ಕೂತಾಗ ನಾನು ಸಾರಿನ ಬಕೆಟ್ಟನ್ನೇ ನೋಡುತ್ತಿದ್ದೆ. ಬೀಗರು ಕುಶಾಲನಗರದ ಕಡೆಯ ಬೇಸಾಯಗಾರರು. ಸಾರು ಬಂತು, ಹರಿಯಿತು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದು ನೋಡಿದರೆ ಸಾಲಿಗೆ ಸಾಲೇ ಎಲೆಯ ತಗ್ಗಿನ ಕಡೆಗೆ ಅನ್ನ ಎಳೆದು ಬದು ಕಟ್ಟಿ, ಸಾರು ನಿಲ್ಲಿಸಿಕೊಂಡು ಉಣ್ಣುತ್ತಿದೆ! ಗದ್ದೆ ಮಾಡಿದ ಜನ, ನೀರು ಕಂಡರೆ ಕೈ ತಾನಾಗಿ ಬದು ಕಟ್ಟುತ್ತದೆ. "ಏನ್ ತೊಂದ್ರೆ ಇಲ್ಲ ಬಿಡಿ ಬೀಗ್ರೆ, ನಮ್ ಗದ್ದೇನೂ ಹಿಂಗೇ ಐತೆ" ಎಂದರು ಅಳಿಯನ ತಂದೆ. ಒಂದು ಲಾಡು ಮಾತ್ರ ಎಲೆ ಬಿಟ್ಟು ಉರುಳಿಕೊಂಡು ಬಾಗಿಲು ದಾಟಿ ಬೀದಿಗೆ ಹೋಯಿತು.

ಆಮೇಲೆ ಫೋಟೊ. ಒಳಗೆ ಪಕ್ಕದ ಗೋಡೆಯ ಗಾರೆಗಂಬಗಳ ಮುಂದೆ ಎಲ್ಲರೂ ಸಾಲಾಗಿ ನಿಂತೆವು. ಕಮಲಳನ್ನು ಬಾಗಿಲ ಕಡೆಗೆ ಹೇಗೆ ಸರಿಸುವುದೆಂದು ನಾನು ಯೋಚಿಸುತ್ತಿರುವಾಗಲೇ, ಯಾರೂ ಹೇಳದೆ ಅವಳೇ ನನ್ನ ಪಕ್ಕದಿಂದ ತಗ್ಗಿಗೆ ಸರಿದು ನಿಂತಳು. ನನ್ನ ಕಡೆ ನೋಡಿ, "ಈಗ ಸರಿಯಾ?" ಎಂದಳು. ನನ್ನ ಪರಂಪರೆ ಏನೆಂದು ಅವಳಿಗೆ ಮೊದಲೇ ಗೊತ್ತಿತ್ತು! ಕಣ್ಣು ತುಂಬಿ ಬಂತು. ಮಗಳನ್ನು ಕಳಿಸುವ ದುಃಖವೆಂದು ನೆಂಟರು ಸಮಾಧಾನ ಮಾಡಿದರು.

ಫೋಟೊ ಬಂತು. ಫೋಟೊಗ್ರಾಫರನ ಹುಮ್ಮಸ್ಸು ನೋಡಿ: ನೆಲ ವಾಲಿದ್ದು ತನ್ನ ಕ್ಯಾಮೆರಾದ ತಪ್ಪೆಂದುಕೊಂಡು ಕಂಪ್ಯೂಟರಿನಲ್ಲಿ ನೆಲವನ್ನು ಮಟ್ಟಸ ಮಾಡಿಬಿಟ್ಟಿದ್ದ. ಕಂಬಗಳು ಒಂದು ಕಡೆ ವಾಲಿವೆ, ವಧೂವರರು ವಾಲಿದ್ದಾರೆ, ನಾನು ಮತ್ತೆ ಕುಳ್ಳ. ಟಾಕೀಸಿನ ನೆಲಕ್ಕೆ ಅಷ್ಟರಲ್ಲಿ ಸಿಮೆಂಟು ಬಿದ್ದಿತ್ತು. ತಲೆ ಮೇಲೆ ಕೈ ಹೊತ್ತು ಕೂತೆ. ಕಮಲ ಫೋಟೊ ತೆಗೆದುಕೊಂಡು ಗೋಡೆಗೆ ಹಾಕಿ, ಒಂದು ಕಡೆ ಮೆಲ್ಲಗೆ ಸೊಟ್ಟ ಮಾಡಿದಳು. ಕಂಬಗಳು ನೆಟ್ಟಗಾದವು. ನಾನೂ ಅವಳೂ ಸರಿಸಮ.

ಬಂದವರು ಅದನ್ನೇ ಸರಿ ಮಾಡಿ ಹೋಗುತ್ತಾರೆ. ಅವರು ಗೇಟು ದಾಟುವುದನ್ನೇ ಕಾದು ನಾನು ಮತ್ತೆ ಸೊಟ್ಟ ಮಾಡಲು ಸ್ಟೂಲು ಹುಡುಕುತ್ತೇನೆ. ಸ್ಟೂಲು ಸಿಗುವುದರೊಳಗೆ ಕಮಲ ಅಡಿಗೆಮನೆಯಿಂದ ಬಂದು, ನಿಂತಲ್ಲಿಂದಲೇ ಕೈ ಎತ್ತಿ, ನನ್ನನ್ನು ತನ್ನ ಎತ್ತರಕ್ಕೆ ತಂದು ಹೋಗಿರುತ್ತಾಳೆ.