ಪರರಾಜ್ಯದಲ್ಲಿ ಅರ್ಧ ಕೀರ್ತನೆ

ನಮ್ಮ ಶಾಲೆಯ ಸಂಗೀತ ಮೇಷ್ಟ್ರು ಎಲ್ಲಿಗೆ ಹೊರಟರೂ ಅಲ್ಲೊಂದು ತಕರಾರು ಅವರಿಗಿಂತ ಮೊದಲೇ ಹೋಗಿ ಕೂತಿರುತ್ತಿತ್ತು. ಒಂದು ಪ್ರವಾಸದಲ್ಲಿ ಕಂಡಷ್ಟನ್ನು ಕ್ರಮವಾಗಿ ಬರೆಯುತ್ತೇನೆ.

ಅಪ್ಪಣೆ

ನಾನು ಆಗಷ್ಟೇ ಬಿ.ಎಸ್‌ಸಿ. ಮುಗಿಸಿ ಹೊಸಪೇಟೆಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ತಮ್ಮ ಹನ್ನೊಂದು ವಿದ್ಯಾರ್ಥಿಗಳಿಗೆ ಸಂಗೀತದ ಹಳೆಯ ಜಾಗಗಳನ್ನು ತೋರಿಸಬೇಕೆಂದು ಮೇಷ್ಟ್ರು ಅರ್ಜಿ ಹಾಕಿದರು: ಹಂಪಿ, ಕಂಪ್ಲಿ, ಸಂಡೂರು. ಸಂಗೀತ ತರಗತಿ ಮುಚ್ಚಲು ವರ್ಷದಿಂದ ಕಾರಣ ಹುಡುಕುತ್ತಿದ್ದ ಹೆಡ್‌ಮಾಸ್ತರರು ಅರ್ಜಿ ಓದಿ ಕನ್ನಡಕ ತೆಗೆದರು.

"ಸಂಡೂರು ಬ್ಯಾರೆ ಸಂಸ್ಥಾನ. ನಾವು ಮದ್ರಾಸ್ ಸರ್ಕಾರದೋರು. ಪರರಾಜ್ಯಕ್ಕ ಹುಡುಗರನ್ನ ಕರ್ಕೊಂಡು ಹೋಗ್ತೀರೇನ್ರಿ?"

"ರಾಗಕ್ಕ ಗಡಿ ಇಲ್ರಿ."

"ನನಗ ಐತಿ. ಹೋಗ್ರಿ. ಆದ್ರ ಒಂದೇ ಒಂದು ದೂರು ಬರಲಿ, ಮರುದಿನ ಕ್ಲಾಸ್ ಬಂದ್."

ತಪ್ಪುಗಳನ್ನು ಬರೆದುಕೊಂಡು ಬರಲು ನನ್ನನ್ನೂ ಜೊತೆಗೆ ಕಳಿಸಿದರು. ಮೇಷ್ಟ್ರು ನನ್ನ ನೋಟ್‌ಬುಕ್ ನೋಡಿ, "ಗೂಢಚಾರರೇ, ಒಂದು ಕೈ ಖಾಲಿ ಐತಲ್ಲ, ಎರಡು ತಂಬೂರಿಯೊಳಗ ಒಂದು ಹಿಡೀರಿ" ಎಂದರು. ಹಿಡಿದೆ.

ಕಂಬ

ಹಂಪಿ ಬಜಾರಿನಲ್ಲಿ ಗಾಡಿ ಬಿಟ್ಟು ಹೊಳೆಯ ದಂಡೆ ಹಿಡಿದು ಸಂಗೀತದ ಕಂಬಗಳ ಗುಡಿಗೆ ನಡೆದೆವು. ಕಾವಲುಗಾರ ಅಡ್ಡ ನಿಂತ.

"ಕಂಬ ಮುಟ್ಟಬ್ಯಾಡ್ರಿ. ಮ್ಯಾಲಿನೋರ ಆರ್ಡರ್ ಐತಿ."

"ಮುಟ್ಟಂಗಿಲ್ಲ, ನೋಡೇ ಹೇಳ್ತೀನಿ," ಎಂದರು ಮೇಷ್ಟ್ರು. "ಹುಡುಗರಾ, ಇದು ಷಡ್ಜ. ಆ ತುದೀದು ಪಂಚಮ."

ಕಾವಲುಗಾರನ ಮುಖ ಸಣ್ಣಗಾಯಿತು. "ಅಲ್ರಿ."

"ಹೌದು."

"ಅಲ್ಲಂದ್ರ ಅಲ್ರಿ! ಹದಿನೈದು ವರ್ಷದಿಂದ ಕಾಯ್ತೀನಿ, ನನಗ ಗೊತ್ತಿಲ್ಲೇನು?" ಎಂದವನೇ ಬೆರಳಿನಿಂದ ಒಂದೊಂದೇ ಕಂಬ ಬಾರಿಸಿ ಏಳೂ ಸ್ವರ ಕೇಳಿಸಿದ. ಮೇಷ್ಟ್ರು ಬೇಕಂತಲೇ ಮತ್ತೊಮ್ಮೆ ತಪ್ಪು ಹೇಳಿದರು. ಅವನು ಸಿಟ್ಟಿನಿಂದ ಇನ್ನೊಂದು ಸುತ್ತು ಬಾರಿಸಿದ.

ನಾನು ನೋಟ್‌ಬುಕ್ಕಿನಲ್ಲಿ ಬರೆದೆ: ನಮ್ಮವರು ಯಾರೂ ಕಂಬ ಮುಟ್ಟಲಿಲ್ಲ.

ಊಟ

ಕಂಪ್ಲಿಯ ಅಕ್ಕಿ ಗಿರಣಿ ಸಾಹುಕಾರರ ಮನೆಯಲ್ಲಿ ಹಳೆಯ ಹಾಡುಗಳ ತಾಳೆಗರಿ ಕಟ್ಟೊಂದಿತ್ತು. ನೋಡಿದ್ದಾಯಿತು. ಊಟದ ಹೊತ್ತೂ ಆಗಿತ್ತು. ಸಾಹುಕಾರರು, "ಮೊದಲು ಒಂದು ಮಸ್ತ್ ನಾಟಕದ ಪದ ಹಾಡಿಸ್ರಿ. ಆಮ್ಯಾಲೆ ಎಲಿ ಹಾಕ್ತೀವಿ" ಎಂದರು.

"ನಾವು ನಾಟಕದ ಕಂಪನಿ ಅಲ್ರಿ. ಹಸ್ಕೊಂಡು ಹೋಗ್ತೀವಿ, ಅದನ್ನ ಹಾಡಂಗಿಲ್ಲ."

ಹನ್ನೊಂದು ಮಂದಿ ಮೇಷ್ಟ್ರನ್ನು ನೋಡಿದ ನೋಟ ನನಗೆ ಇನ್ನೂ ನೆನಪಿದೆ. ಮೇಷ್ಟ್ರು ಹೊರಗಿನ ಕಟ್ಟೆಯ ಮೇಲೆ ಕೂತು ಹಟಕ್ಕೆ ವರ್ಣವೊಂದನ್ನು ಎತ್ತಿದರು. ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಸಾಹುಕಾರರ ಹೆಂಡತಿ ಬಾಗಿಲಿಗೆ ಬಂದರು.

"ಆ ಸಾಲು ಇನ್ನೊಮ್ಮೆ ಹಾಡ್ರಿ, ಅಣ್ಣಾರ. ತೌರಮನ್ಯಾಗ ಕಲ್ತಿದ್ದೆ, ಮುಂದಿಂದು ಮರ್ತು ಹೋಗೇತಿ. ಮೊದಲು ಎಲ್ಲಾರೂ ಒಳಗ ಬರ್ರಿ, ಕುಂದ್ರಿ."

ಹೊಟ್ಟೆ ತುಂಬ ಉಂಡೆವು. ಮೇಷ್ಟ್ರು ಸಾಲು ಹೇಳಿಕೊಡುತ್ತಿದ್ದಾಗ ಸಾಹುಕಾರರು ಎರಡು ಸಲ "ನನ್ನ ಎಲಿ?" ಎಂದು ಕೇಳಿದರು.

"ಚರಣ ಮುಗೀಲಿ, ತಡೀರಿ!" ಎಂದು ಒಳಗಿನಿಂದ ಉತ್ತರ ಬಂತು.

ಗಡಿ

ಮರುದಿನ ಮೋಟಾರಿನಲ್ಲಿ ಸಂಡೂರು. ಗಡಿಯಲ್ಲಿ ಸುಂಕದವನೊಬ್ಬ ಪಟ್ಟಿ ಹಿಡಿದು ಬಂದ.

"ಒಳಗ ಏನು ಒಯ್ಯಾಕತ್ತೀರಿ?"

ಮೇಷ್ಟ್ರು ಎದೆ ಸೆಟೆಸಿ, "ನಾದ" ಎಂದರು.

ಅವನು ಬರೆದುಕೊಂಡ. "ಎಷ್ಟು ಸೇರು?"

"ಅದನ್ನ ಅಳೆಯೋನು ಇನ್ನೂ ಹುಟ್ಟಿಲ್ಲ!"

"ಅಳತಿ ಇಲ್ಲದ ಸರಕು ಒಳಗ ಬಿಡಂಗಿಲ್ರಿ."

ಇಬ್ಬರೂ ಜಗ್ಗಲಿಲ್ಲ. ಅರ್ಧ ಗಂಟೆ ಹೋಯಿತು. ನಾನು ಇಳಿದು ಎರಡು ತಂಬೂರಿಗಳನ್ನೂ ಬೆರಳಿನಿಂದ ತಟ್ಟಿ ತೋರಿಸಿದೆ. ಅವನು ಸಮಾಧಾನದಿಂದ ಮೊದಲು ಬರೆದಿದ್ದನ್ನು ಹೊಡೆದುಹಾಕಿ, ಗಟ್ಟಿಯಾಗಿ ಓದುತ್ತಾ ಬರೆದ: "ಒಣಗಿದ ಸೋರೆಕಾಯಿ, ಎರಡು. ಒಳಗ ಏನೂ ಇಲ್ಲ."

ಸಂಡೂರು ಬರುವವರೆಗೆ ಮೇಷ್ಟ್ರು ನನಗೆ ಬೆನ್ನು ಮಾಡಿ ಕೂತಿದ್ದರು.

ದೂರು

ಸಂಡೂರಿನಲ್ಲಿ ವೃದ್ಧ ವೈಣಿಕರೊಬ್ಬರ ಮನೆ. ಅವರ ಮುತ್ತಜ್ಜ ನುಡಿಸಿದ ವೀಣೆ ಪಡಸಾಲೆಯಲ್ಲಿತ್ತು. ಅದರ ಮುಂದೆ ಹುಡುಗರು ಕೀರ್ತನೆ ಶುರು ಮಾಡಿದರು. ಅನುಪಲ್ಲವಿ ಮುಗಿಯುವಷ್ಟರಲ್ಲಿ ಮೋಟಾರಿನವ ಹಾರ್ನ್ ಹೊಡೆದ. ಅದೇ ಕೊನೆಯ ಮೋಟಾರು. ಓಡಿದೆವು.

ಊರಿಗೆ ಮರಳಿದ ನಾಲ್ಕನೆಯ ದಿನ ಹೆಡ್‌ಮಾಸ್ತರರು ಕಾಗದವೊಂದನ್ನು ಹಬ್ಬದ ಮುಖ ಮಾಡಿಕೊಂಡು ಓದಿದರು. ವೈಣಿಕರದು. "ನಿಮ್ಮ ಹುಡುಗರು ಅರ್ಧ ಹಾಡಿ ಎದ್ದು ಹೋದರು. ಅಂದಿನಿಂದ ನನಗೆ ಊಟ ಸೇರುತ್ತಿಲ್ಲ. ಇದು ನನ್ನ ದೂರು."

"ದೂರು ದೂರೇ," ಎಂದು ಸಂಗೀತದ ಕೋಣೆಗೆ ಬೀಗ ಹಾಕಿಸಿದರು.

ಮೇಷ್ಟ್ರು ಹುಡುಗರನ್ನು ಕರೆದುಕೊಂಡು ಹೆಡ್‌ಮಾಸ್ತರರ ಕೋಣೆಯ ಎದುರಿನ ವರಾಂಡದಲ್ಲೇ ಚಾಪೆ ಹಾಸಿದರು. "ಬೀಗ ಬಿದ್ದಿದ್ದು ಬಾಗಿಲಿಗೆ. ಗಂಟಲಿಗಲ್ಲ. ಎತ್ರಿ ಶ್ರುತಿ."

ನಾನು ನನ್ನ ಕೆಲಸ ಮಾಡಿದೆ. ದೂರು ಕೊಟ್ಟವರನ್ನು ವಿಚಾರಿಸದೆ ಶಿಕ್ಷೆ ಸರಿಯಲ್ಲ ಎಂದು ವರದಿ ಬರೆದು ಸಹಿ ಹಾಕಿದೆ. ವೈಣಿಕರಿಗೂ ಒಂದು ಕಾಗದ ಹಾಕಿದೆ. ಮರುವಾರ ಅವರೇ ಬಂದು ಹೆಡ್‌ಮಾಸ್ತರರ ಎದುರಿನ ಕುರ್ಚಿಯಲ್ಲಿ ಕೂತರು.

"ಮೊದಲು ಉಳಿದಿದ್ದು ಕೇಳ್ತೀನಿ. ಆಮ್ಯಾಲೆ ವಿಚಾರಣಿ."

ಹುಡುಗರು ಚರಣ ಹಾಡಿದರು. ಮುದುಕರ ಕಣ್ಣು ತುಂಬಿತು. ಹೆಡ್‌ಮಾಸ್ತರರು ಕಿಟಕಿಯ ಕಡೆ ನೋಡುತ್ತಿದ್ದರೂ ಅವರ ಬಲಗೈ ತನ್ನಷ್ಟಕ್ಕೆ ಮೇಜು ತಟ್ಟುತ್ತಿತ್ತು.

ಹಾಡು ಮುಗಿಯಿತು. "ನಿಮ್ಮ ದೂರು ತೀರಿತೇನ್ರಿ?" ಎಂದರು ಹೆಡ್‌ಮಾಸ್ತರರು.

"ಅದು ತೀರಿತ್ರಿ. ಈಗ ಹೊಸಾದು ಐತಿ. ನೀವು ಹಾಕಿದ ತಾಳ ಒಂದೂ ಸರಿ ಬೀಳಲಿಲ್ಲ. ಈ ಕ್ಲಾಸ್ ಮುಚ್ಚಿದ್ರ ನಿಮಗ ಕಲಿಸೋರು ಯಾರು?"

ಹುಡುಗರು ಚಾಪೆಯ ಮೇಲೆ ಉರುಳಾಡಿ ನಕ್ಕರು. ಹೆಡ್‌ಮಾಸ್ತರರು ಬೀಗದ ಕೈ ಮೇಜಿನ ಮೇಲೆ ಎಸೆದು, "ನಡೀಲಿ" ಎಂದರು. ಮೇಷ್ಟ್ರು ಅಲ್ಲಿಯೇ ಇನ್ನೊಂದು ಕೀರ್ತನೆ ಎತ್ತಿದರು. ಹೆಡ್‌ಮಾಸ್ತರರು ಕೈಯನ್ನು ಮೇಜಿನ ಕೆಳಗೆ ಬಚ್ಚಿಟ್ಟುಕೊಂಡರು.

ಎರಡು ನಿಮಿಷ ಕಳೆದಿರಲಿಲ್ಲ, ಮುದುಕರು ಕಣ್ಣು ಮುಚ್ಚಿಕೊಂಡೇ ಹೇಳಿದರು: "ಕೆಳಗೂ ತಪ್ಪಾಕತ್ತೀರಿ, ಹೆಡ್‌ಮಾಸ್ತರ್ರೇ."