ಮೊಲದ ಮೂಗು ಮತ್ತು ದನದ ಆಸ್ಪತ್ರೆ

ನಾನಾಗ ಊರಿಗಾಂ ಚಿನ್ನದ ಗಣಿಯಲ್ಲಿ ಕೂಲಿಗಳ ಹಾಜರಿ ಬರೆಯುವ ಟೈಂ ಆಫೀಸಿನ ಗುಮಾಸ್ತ. ನಮ್ಮ ದೊರೆ ಕೆಲಸ ಬಿಟ್ಟು ಇಂಗ್ಲೆಂಡಿಗೆ ಹೊರಟಾಗ ಮನೆಯ ಸಾಮಾನನ್ನೆಲ್ಲ ಆಫೀಸಿನವರಿಗೆ ಹಂಚಿದರು. ಒಬ್ಬನಿಗೆ ಗ್ರಾಮಫೋನು, ಇನ್ನೊಬ್ಬನಿಗೆ ಬೆತ್ತದ ಕುರ್ಚಿ. ನನ್ನ ಸರದಿ ಬರುವ ಹೊತ್ತಿಗೆ ಉಳಿದದ್ದು ಒಂದು ಬಿಳಿ ಮೊಲ.

ಮೊಲ ಸಾಕುವುದೇನು ಮಹಾ ಎಂಬ ಧೈರ್ಯದಲ್ಲಿ ಮನೆಗೆ ತಂದೆ. ಎರಡೇ ದಿನದಲ್ಲಿ ಅದಕ್ಕೆ ಭಯಂಕರ ರೋಗವಿರುವುದನ್ನು ಕಂಡುಹಿಡಿದೆ. ಅದರ ಮೂಗು ಸದಾ ಅದುರುತ್ತಿತ್ತು! ತಿನ್ನುವಾಗಲೂ ಅದುರುತ್ತಿತ್ತು, ಸುಮ್ಮನೆ ಕೂತಾಗಲೂ ಅದುರುತ್ತಿತ್ತು. ಟೈಂ ಆಫೀಸಿನ ಅಭ್ಯಾಸಬಲದಿಂದ ಗಡಿಯಾರ ಹಿಡಿದು, ನಿಮಿಷಕ್ಕೆ ಎಷ್ಟು ಸಲ ಎಂದು ಬರೆದಿಟ್ಟುಕೊಂಡೆ. ಇದು ನರಗಳ ಕಾಯಿಲೆಯೇ ಎಂದು ತೀರ್ಮಾನವಾಯಿತು. ತೀರ್ಮಾನಿಸಿದವನೂ ನಾನೇ.

ನನ್ನ ಹೆಂಡತಿ ಲಕ್ಷ್ಮಮ್ಮ ಬಂಗಾರಪೇಟೆ ಕಡೆಯ ರೈತರ ಮನೆಯವಳು. “ಒಂದ್ ಕಟ್ಟು ಕೊತ್ತಂಬ್ರಿ ತಿಂದಾಕೈತೆ. ಕಾಯ್ಲೆ ಬಿದ್ದಿರೋದು ಇಂಗ್ ತಿಂತದೇನ್ರಿ?” ಎಂದಳು. ವೈದ್ಯಶಾಸ್ತ್ರ ಅಷ್ಟು ಸುಲಭದ್ದಲ್ಲವೆಂದು ಅವಳಿಗೆ ತಿಳಿಸಿ, ರಜೆ ಹಾಕಿ, ಮೊಲವನ್ನು ಬುಟ್ಟಿಯಲ್ಲಿಟ್ಟು, ಮೇಲೊಂದು ಟವಲು ಬಿಗಿದು, ಬಂಗಾರಪೇಟೆಯ ರೈಲು ಹತ್ತಿದೆ. ಅಲ್ಲೊಂದು ದನದ ಆಸ್ಪತ್ರೆಯಿತ್ತು.

ರೈಲಿನಲ್ಲಿ ಪಕ್ಕದವನು ಟವಲಿನ ಸಂದಿಯಿಂದ ಬುಟ್ಟಿಯೊಳಗೆ ಇಣುಕಿ, ಇದು ಎಷ್ಟು ಜನಕ್ಕಾಗುತ್ತದೆ ಎಂದು ಕೇಳಿದ. ಇದು ರೋಗಿ ಎಂದೆ. ಹಾಗಾದರೆ ಚೆನ್ನಾಗಿ ಬೇಯಿಸಬೇಕು ಎಂದ. ಉಳಿದ ದಾರಿಯುದ್ದಕ್ಕೂ ಬುಟ್ಟಿಯನ್ನು ಅಪ್ಪಿಕೊಂಡೇ ಕೂತೆ.

ಆಸ್ಪತ್ರೆಯ ಅಂಗಳದಲ್ಲಿ ಎತ್ತು, ಹಸುಗಳ ದೊಡ್ಡ ಸಾಲು. ನನ್ನ ಮುಂದೆ ಒಬ್ಬ ಅಜ್ಜಿ ಎಮ್ಮೆ ಹಿಡಿದು ನಿಂತಿದ್ದಳು. ಕಂಕುಳಲ್ಲಿ ಎಮ್ಮೆಗೆಂದು ತಂದ ಹಸಿ ಹುಲ್ಲು. ಬುಟ್ಟಿಯಲ್ಲೇನಿದೆ ಎಂದು ಅವಳು ಕೇಳಿದಳು. ಯಾರಾದರೂ ಕೇಳಲಿ ಎಂದೇ ಕಾದಿದ್ದ ನಾನು, ರೋಗಲಕ್ಷಣಗಳನ್ನು ತೋರಿಸಿ ವಿವರಿಸೋಣವೆಂದು ಟವಲು ಬಿಚ್ಚಿದೆ.

ಬಿಚ್ಚಬಾರದಿತ್ತು.

ಮೊಲ ನೆಗೆಯಿತು. ನೆಗೆದದ್ದು ನೇರ ಎಮ್ಮೆಯ ಕಾಲಡಿಗೆ. ಎಮ್ಮೆ ತನ್ನ ಜನ್ಮದಲ್ಲೇ ಮೊಲ ಕಂಡಿರಲಿಲ್ಲವೋ ಏನೋ, ಅಜ್ಜಿಯ ಕೈಯಿಂದ ಹಗ್ಗ ಕಿತ್ತುಕೊಂಡು ಓಡಿತು. ನನ್ನಿಂದ ಅಜ್ಜಿಗೆ ನಷ್ಟವಾಗಬಾರದೆಂದು ಹಾರಿ ಹಗ್ಗ ಹಿಡಿದೆ. ಹಗ್ಗ ಹಿಡಿದವನು ಎಮ್ಮೆಯನ್ನು ನಿಲ್ಲಿಸಬಲ್ಲ ಎಂಬುದು ತಪ್ಪು ಕಲ್ಪನೆ! ಅದು ನನ್ನನ್ನು ಅಂಗಳಕ್ಕೆ ಒಂದೂವರೆ ಸುತ್ತು ಎಳೆದುಕೊಂಡು ಹೋಗಿ, ನೀರಿನ ತೊಟ್ಟಿಯ ಹತ್ತಿರ ಕೆಡವಿತು. ಆಮೇಲೆ ತಾನಾಗಿಯೇ ನಿಂತು ನೀರು ಕುಡಿಯಿತು.

ಎದ್ದು ಕೂತಾಗ ಪಂಚೆ ಹರಿದಿತ್ತು, ಮೊಣಕಾಲಿನಿಂದ ರಕ್ತ ಬರುತ್ತಿತ್ತು. ನನಗೆ ಅದರ ಚಿಂತೆಯಿರಲಿಲ್ಲ. ಬೇಲಿಯಾಚೆ ಎರಡು ನಾಯಿಗಳಿದ್ದವು, ಮೊಲ ಎಲ್ಲೂ ಕಾಣಲಿಲ್ಲ. ಎರಡು ದಿನದ ಪರಿಚಯವಷ್ಟೇ, ಆದರೂ ಅದನ್ನು ಬಿಟ್ಟು ಹೊರಡಲಾಗಲಿಲ್ಲ. ಕುಂಟುತ್ತಾ ಬೇಲಿಯ ಬುಡವನ್ನೆಲ್ಲ ಹುಡುಕಿದೆ. ಕೊನೆಗೆ ತಿರುಗಿ ನೋಡಿದರೆ ಮೊಲ, ನೆಲಕ್ಕೆ ಕೂತಿದ್ದ ಅಜ್ಜಿಯ ಮಡಿಲಲ್ಲಿ! ಎಮ್ಮೆಯ ಹುಲ್ಲು ತಿನ್ನುತ್ತಾ, ಮೂಗು ಅದುರಿಸುತ್ತಾ ಹಾಯಾಗಿ ಕೂತಿತ್ತು. ಇದೇ ನೋಡಿ ರೋಗ ಎಂದು ಅವಳಿಗೆ ತೋರಿಸಿದೆ.

ಅಜ್ಜಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. “ಮೊಲ ಅಂದ್ಮೇಲೆ ಮೂಗಾಡಿಸ್ತದೆ ಕಣಪ್ಪಾ. ಆಡಿಸೋದು ನಿಂತೋದ್ರೆ ಆವಾಗ ಎತ್ಕೊಂಡ್ ಬಾ.”

ಡಾಕ್ಟರು ಮೊಲವನ್ನು ಮುಟ್ಟಿ ನೋಡಿ, ಅಜ್ಜಿ ಹೇಳಿದ್ದೇ ಸರಿ ಎಂದರು. ಆಮೇಲೆ ನನ್ನ ಮೊಣಕಾಲು ಕಂಡು ಮರುಗಿ, ಟಿಂಚರ್ ಹಚ್ಚಿ ಪಟ್ಟಿ ಕಟ್ಟುವಂತೆ ಕಾಂಪೌಂಡರಿಗೆ ಹೇಳಿದರು. ಕಟ್ಟಿ ಮುಗಿಸಿದ ಮೇಲೆ ಕಾಂಪೌಂಡರ್ ಪೇಚಿಗೆ ಸಿಕ್ಕಿಕೊಂಡ. ಬಳಸಿದ ಔಷಧಿಯನ್ನು ರಿಜಿಸ್ಟರಿನಲ್ಲಿ ಬರೆಯಲೇಬೇಕು. ಅದರಲ್ಲಿ ಮನುಷ್ಯರಿಗೆ ಕಾಲಂ ಇಲ್ಲ. ಎತ್ತು, ಹಸು, ಎಮ್ಮೆ, ಕುರಿ, ಕುದುರೆ, ಕತ್ತೆ, ಇಷ್ಟೇ. ಅವನು ನನ್ನತ್ತ ಒಮ್ಮೆ ನೋಡಿದ. ಹೆಚ್ಚು ಯೋಚಿಸದೆ ಬರೆದು, ಪುಸ್ತಕವನ್ನು ನನ್ನ ಕಡೆ ತಿರುಗಿಸಿದ.

“ಕತ್ತೆ, ಗಂಡು, ಒಂದು. ಬಲ ಮೊಣಕಾಲಿಗೆ ಗಾಯ.”

ಕೆಳಗೆ ಮಾಲೀಕರ ಸಹಿಗೆ ಜಾಗವಿತ್ತು. ವಿವರಗಳನ್ನು ಇನ್ನೊಮ್ಮೆ ಓದಿ ನೋಡಿದೆ. ಎಲ್ಲವೂ ಸರಿಯಾಗಿಯೇ ಇತ್ತು.

ಸಹಿ ಹಾಕಿದೆ.