ಡಾಕ್ಟರಮ್ಮ ಯಾರ ಪೈಕಿ?

ಆಸ್ಪತ್ರೆಯ ಟೋಕನ್ ಕಿಟಕಿಯಲ್ಲಿ ಕೂತವನು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಿಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಸಾಕು, ಅದೇ ಬಸ್ಸಿಳಿದು ಬರುತ್ತದೆ.

ನಾನು ಬಸ್ ಕಂಡಕ್ಟರ್ ಆಗಿದ್ದವನು. ನಿವೃತ್ತನಾದ ಮೇಲೆ ಸೊರಬದ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ಟೋಕನ್ ಕೊಡುತ್ತೇನೆ. ಕಿಟಕಿ ಚಿಕ್ಕದು. ನನ್ನ ಮಾತೂ ಅಷ್ಟೇ. ದೊಡ್ಡಾಸ್ಪತ್ರೆ ಶಿಕಾರಿಪುರದಲ್ಲಿದೆ, ನಮ್ಮದು ಅದರ ಮರಿ. ಎರಡಕ್ಕೂ ಯಜಮಾನರು ಶಿಕಾರಿಪುರದ ಹಿರಿಯ ಡಾಕ್ಟರು.

ಮಳೆಗಾಲದ ಶುರುವಿನಲ್ಲಿ ಅವರು ನಮ್ಮಲ್ಲಿಗೆ ಹೊಸ ಡಾಕ್ಟರನ್ನು ಕರೆತಂದರು. ಹೆಣ್ಣುಮಗಳು. ದೂರದ ಮೇಘಾಲಯದ ಖಾಸಿ ಗುಡ್ಡದವರು. ದಾವಣಗೆರೆಯಲ್ಲಿ ಓದಿ, ಅಲ್ಲಿಯ ಕನ್ನಡವನ್ನೇ ಕಲಿತವರು.

"ದೀಪಾವಳಿವರೆಗೆ ನೋಡೋಣ. ಜನ ಬಂದ್ರೆ ನೀವು ಇಲ್ಲೇ. ಬರದಿದ್ರೆ ಈ ಬಾಗಿಲು ಹಾಕ್ತೀನಿ, ನೀವು ಬೇರೆ ಕೆಲಸ ನೋಡ್ಕೊಳ್ಳಿ," ಎಂದು ಯಜಮಾನರು ನನ್ನೆದುರೇ ಹೇಳಿದರು.

"ಆತ್ರೀ," ಎಂದರು ಡಾಕ್ಟರಮ್ಮ.

ಅಲ್ಲಿಂದ ಮುಂದೆ ನಾನು ಕಂಡದ್ದನ್ನು ನೆನೆದರೆ ಈಗಲೂ ಬೆರಗು. ಮನುಷ್ಯನ ತಲೆ ಎಂಥ ಯಂತ್ರ!

ಸ್ವೆಟರ್

ಚಳಿಗಾಲ ಬಂತೆಂದರೆ ಮುಂಡಗೋಡಿನ ಟಿಬೆಟಿನವರು ನಮ್ಮ ಕಡೆ ಸ್ವೆಟರ್ ಮಾರಲು ಬರುತ್ತಾರೆ. ಡಾಕ್ಟರಮ್ಮನದೂ ಅಂಥದೇ ಮುಖ. ಅದನ್ನು ನಮ್ಮವರು ನೋಡಿರುವುದು ಸ್ವೆಟರ್ ರಾಶಿಯ ಹಿಂದೆ ಮಾತ್ರ.

ಮೊದಲ ದಿನ ಕುಪ್ಪಗಡ್ಡೆಯ ಅಜ್ಜಿಯೊಬ್ಬರು ಬೆಂಚಿನ ಮೇಲೆ ಕೂತು ಕೆಮ್ಮುತ್ತಿದ್ದರು. ಡಾಕ್ಟರಮ್ಮ ಹೆಗಲಿಗೆ ದೊಡ್ಡ ಬ್ಯಾಗು ಹಾಕಿಕೊಂಡು ಒಳಗೆ ಬಂದರು. ಅಜ್ಜಿಯ ಮುಖ ಅರಳಿತು.

"ಈ ವರ್ಷ ಇಷ್ಟು ಬೇಗ ಬಂದ್ಯಾ ಮಗಾ? ತುಂಬುತೋಳಿಂದು ಇದ್ರೆ ತೆಗಿ."

ಡಾಕ್ಟರಮ್ಮ ಪಕ್ಕದಲ್ಲೇ ಕೂತು ಅಜ್ಜಿಯ ಕೈ ಹಿಡಿದರು. "ಸ್ವೆಟರ್ ಖಾಲಿ ಆಗ್ಯಾವ್ರೀ ಅಜ್ಜೀ. ಸೂಜಿ ಐತಿ. ಹಾಕ್ಲೇನು?"

ಒಳಗೆ ಕರೆದುಕೊಂಡು ಹೋಗಿ ಎದೆ ನೋಡಿದರು, ಔಷಧಿ ಬರೆದರು, ಇಂಜೆಕ್ಷನ್ನೂ ಆಯಿತು. ಅಜ್ಜಿ ತೋಳು ಉಜ್ಜಿಕೊಳ್ಳುತ್ತ ನನ್ನ ಕಿಟಕಿಗೆ ಬಂದು ಮೆಲ್ಲಗೆ ಹೇಳಿದರು:

"ಪಾಪ, ಚುರುಕು ಹುಡುಗಿ. ವ್ಯಾಪಾರ ಇಲ್ದಾಗ ಇಂಜೆಕ್ಷನ್ನೂ ಹಾಕ್ತಾಳೆ ನೋಡಿ."

ಬೋರ್ಡು

ನಮ್ಮ ನರ್ಸ್ ಗಂಡಸು. ಶಿಕಾರಿಪುರದವನು. ಆರಡಿ ಆಳು, ಕೆನ್ನೆ ತುಂಬ ಮೀಸೆ. ಬಂದವರೆಲ್ಲ ಅವನಿಗೇ ಕೈಮುಗಿದು, ಅವನಿಗೇ ನಾಲಿಗೆ ಚಾಚಿ ತೋರಿಸುತ್ತಿದ್ದರು. "ನಾನು ನರ್ಸ್ ರೀ," ಎಂದರೆ, "ದೊಡ್ಡವರ ವಿನಯ ನೋಡಿ," ಎಂದು ಇನ್ನೊಮ್ಮೆ ಕೈಮುಗಿಯುತ್ತಿದ್ದರು.

ಯಜಮಾನರಿಗೆ ಸುದ್ದಿ ಹೋಯಿತು. ಅವರು ಒಂದು ಬೋರ್ಡು ಬರೆಸಿ ಕಳಿಸಿದರು. ದಪ್ಪ ಕೆಂಪಕ್ಷರ: "ಇವರೇ ಡಾಕ್ಟರ್". ಡಾಕ್ಟರಮ್ಮನ ಕೋಣೆಯ ಬಾಗಿಲ ಮೇಲೆ ಹೊಡೆಸಿದೆವು.

ಟೋಕನ್ ಕೂಗಲು ಆ ಬಾಗಿಲಲ್ಲಿ ನಿಲ್ಲುವವನು ನರ್ಸ್. ಬೋರ್ಡು ಸರಿಯಾಗಿ ಅವನ ನೆತ್ತಿಯ ಮೇಲೆ.

ಮೊದಲು ಕೆಲವರಿಗಾದರೂ ಅನುಮಾನವಿತ್ತು. ಆಮೇಲೆ ಅದೂ ಹೋಯಿತು.

ಎರಡೂ ಕನ್ನಡ

ಇದನ್ನು ನಾನು ಕಿವಿಯಾರೆ ಕೇಳದಿದ್ದರೆ ನಂಬುತ್ತಿರಲಿಲ್ಲ. ಹೊಟ್ಟೆನೋವಿನ ರೈತನೊಬ್ಬ ಬಂದಿದ್ದ. ಡಾಕ್ಟರಮ್ಮ ಕೇಳಿದರು: "ನೋವು ಯಾವಾಗಿಂದ ಐತ್ರೀ?"

ರೈತ ನರ್ಸ್ ಕಡೆ ತಿರುಗಿದ. "ಏನಂತೆ?"

"ನೋವು ಯಾವಾಗಿಂದ ಐತಿ ಅಂತ."

"ಹಾಂ! ಸೋಮವಾರದಿಂದ."

"ಉಂಡ ಮ್ಯಾಲೆ ಜಾಸ್ತಿ ಆಗ್ತೈತೇನ್ರೀ?" ಎಂದರು ಡಾಕ್ಟರಮ್ಮ.

"ಏನಂತೆ?"

"ಉಂಡ ಮ್ಯಾಲೆ ಜಾಸ್ತಿ ಆಗ್ತೈತೇನು ಅಂತ."

"ಹೌದು ಹೌದು, ಉಂಡ್ಮೇಲೆ."

ಹೀಗೇ ನಡೆಯಿತು. ಅದೇ ಮಾತು, ಅದೇ ಭಾಷೆ. ಮೀಸೆಯ ಕೆಳಗಿನಿಂದ ಬಂದರೆ ಅರ್ಥ, ಇಲ್ಲದಿದ್ದರೆ ಇಲ್ಲ. ಕಿವಿಗೆ ಕಣ್ಣು ಅಪ್ಪಣೆ ಕೊಡಬೇಕು ಎಂದು ನನಗೆ ಅಂದು ಗೊತ್ತಾಯಿತು. ಕೊನೆಗೆ ರೈತ ಎದ್ದು ನಿಂತು ನರ್ಸ್‌ನನ್ನು ಮೆಚ್ಚುಗೆಯಿಂದ ನೋಡಿದ.

"ಇವರ ಭಾಷೆ ಪೂರಾ ಬರ್ತದಲ್ಲ ಸಾರ್ ನಿಮಗೆ! ಎಲ್ಲಿ ಕಲಿತ್ರಿ?"

ಡಾಕ್ಟರಮ್ಮನೇ ಉತ್ತರ ಕೊಟ್ಟರು: "ದಾವಣಗೆರೆಯಾಗ್ರೀ."

ರೈತ ನರ್ಸ್ ಕಡೆ ತಿರುಗಿದ. "ಏನಂತೆ?"

ತರಬೇತಿ

ಊರಿನವರು ಹೀಗಿದ್ದಾರೆ, ನಮ್ಮ ಸಿಬ್ಬಂದಿಯಾದರೂ ತಿದ್ದಿಕೊಳ್ಳಲಿ ಎಂದು ಯಜಮಾನರು ಶಿಕಾರಿಪುರದ ಆಸ್ಪತ್ರೆಯಲ್ಲಿ ಒಂದು ತರಬೇತಿ ಇಟ್ಟರು. ಶಿವಮೊಗ್ಗದಿಂದ ಕೋಟು ಹಾಕಿದ ಒಬ್ಬರು ಬಂದರು. ವಿಷಯ, ನಮಗೇ ಗೊತ್ತಿಲ್ಲದೆ ನಮ್ಮೊಳಗೆ ಕೂತಿರುವ ಪೂರ್ವಗ್ರಹ.

ಒಳ್ಳೆಯ ಭಾಷಣ. ಮುಖ ನೋಡಿ ಮಣೆ ಹಾಕಬಾರದು. ಹೆಸರು ಕೇಳಿ ಅಳೆಯಬಾರದು. ನನಗೂ ಹೌದೆನ್ನಿಸಿತು. ನಡುನಡುವೆ ಅವರು ಡಾಕ್ಟರಮ್ಮನ ಕಡೆ ಬಾಗಿ, ಕಿವುಡರಿಗೆ ಹೇಳುವಂತೆ, ಒಂದೊಂದೇ ಇಂಗ್ಲಿಷ್ ಪದವನ್ನು ಕೈಸನ್ನೆ ಮಾಡಿ ಬಿಡಿಸಿ ಹೇಳುತ್ತಿದ್ದರು.

ಡಾಕ್ಟರಮ್ಮ ಎಂದರು: "ಜಲ್ದಿ ಮುಗಸ್ರೀ ಸರ, ಊಟ ಆರ್ತೈತಿ."

ಊಟಕ್ಕೆ ಎಲೆ ಹಾಕಿದರು. ನಮಗೆಲ್ಲ ರೊಟ್ಟಿ, ಪಲ್ಯ, ಅನ್ನ, ಸಾರು. ಡಾಕ್ಟರಮ್ಮನಿಗೆ ಮಾತ್ರ ಬೇರೆ ತಟ್ಟೆ. ಮುಚ್ಚಳ ತೆಗೆದರೆ ನೂಡಲ್ಸ್.

"ನಿಮಗೋಸ್ಕರ ವಿಶೇಷವಾಗಿ ಹೇಳಿ ಮಾಡಿಸಿದ್ದು," ಎಂದರು ಕೋಟಿನವರು, ಹೆಮ್ಮೆಯಿಂದ.

"ನನಗ ರೊಟ್ಟಿ ಇಲ್ಲೇನ್ರೀ?" ಡಾಕ್ಟರಮ್ಮನ ಮುಖ ಬಾಡಿತು.

ನರ್ಸ್ ತನ್ನ ಎಲೆಯ ರೊಟ್ಟಿ ಅವರಿಗೆ ಕೊಟ್ಟು, ನೂಡಲ್ಸ್ ತಟ್ಟೆ ಎಳೆದುಕೊಂಡು, ಒಂದೆಳೆ ಬಿಡದೆ ತಿಂದ. ಕೋಟಿನವರು ಬೆರಗಾಗಿ ನೋಡಿದರು.

"ನೂಡಲ್ಸ್ ತಿಂತೀರಾ? ನಿಮ್ಮ ಮೀಸೆ ನೋಡಿ ಮುದ್ದೆಯವರು ಅಂದ್ಕೊಂಡಿದ್ದೆ!"

ಯಾರ ಪೈಕಿ

ದೀಪಾವಳಿ ಹತ್ತಿರ ಬಂತು. ಬೆಂಚು ಅರ್ಧಕ್ಕಿಂತ ಹೆಚ್ಚು ಖಾಲಿ. ಡಾಕ್ಟರಮ್ಮ ನಗುವುದು ಕಡಿಮೆ ಮಾಡಿದ್ದರು. ಒಂದು ದಿನ ಯಜಮಾನರು ಕಾರಿನಲ್ಲಿ ಬಂದಿಳಿದರು.

"ಹೇಗಿದೆ ರೀ ಆಸ್ಪತ್ರೆ?" ಎಂದು ನನ್ನನ್ನು ಕೇಳಿದರು.

"ಬೆಂಚು ಸವೆದಿಲ್ಲ," ಎಂದೆ.

ಅವರು ನಿಟ್ಟುಸಿರು ಬಿಟ್ಟು, ನನ್ನನ್ನೂ ಕರೆದುಕೊಂಡು, ಡಾಕ್ಟರಮ್ಮನ ಕೋಣೆಯಲ್ಲಿ ಕೂತರು. ಬಾಗಿಲು ಹಾಕುವ ಮಾತನ್ನು ಡಾಕ್ಟರಮ್ಮನಿಗೆ ಇನ್ನೇನು ಹೇಳಬೇಕು, ಅಷ್ಟರಲ್ಲಿ ಆನವಟ್ಟಿಯ ಕಿರಾಣಿ ವ್ಯಾಪಾರಿಯೊಬ್ಬರು ಹೆಂಡತಿಯ ಹೆಗಲು ಹಿಡಿದು ಕುಂಟುತ್ತ ಬಂದರು. ಸಕ್ಕರೆ ಕಾಯಿಲೆ, ಕಾಲಲ್ಲಿ ಗಾಯ. ಹಿಂದೆಯೂ ಬಂದವರೇ. ಪ್ರತಿಸಲವೂ ಡಾಕ್ಟರಮ್ಮನನ್ನು ಕಂಡು, "ದೊಡ್ಡ ಡಾಕ್ಟ್ರು ಬಂದಾಗ ಬರ್ತೀನಿ," ಎಂದು ತಿರುಗಿ ಹೋಗಿದ್ದರು. ಗಾಯ ಮಾತ್ರ ಕಾದಿರಲಿಲ್ಲ. ಬೆರಳು ಕಪ್ಪಾಗತೊಡಗಿತ್ತು.

ಯಜಮಾನರನ್ನು ಕಂಡು ಅವರು ಕುರ್ಚಿಯಲ್ಲಿ ಕೂತು ಕಾಲು ಮುಂದೆ ಚಾಚಿದರು.

"ನನ್ನ ಕಣ್ಣು ಮಂಜು ಕಣ್ರೀ. ಅವರು ನೋಡ್ಲಿ, ನಾನು ಇಲ್ಲೇ ಇರ್ತೀನಿ," ಎಂದರು ಯಜಮಾನರು.

ವ್ಯಾಪಾರಿ ಕಾಲು ಹಿಂದಕ್ಕೆಳೆದುಕೊಂಡರು. ಯಾರ ಪೈಕಿ ಎಂದು ಗೊತ್ತಾಗದೆ ನಮ್ಮ ಕಡೆಯವರು ಯಾರ ಮುಂದೆಯೂ ಚಪ್ಪಲಿ ಕೂಡ ಬಿಡುವುದಿಲ್ಲ.

"ಯಾವೂರಮ್ಮ ನಿಮ್ದು?"

"ಖಾಸಿ ಗುಡ್ಡ ರೀ. ಮೇಘಾಲಯ." ಡಾಕ್ಟರಮ್ಮ ನೆಲದ ಮೇಲೆ ಕೂತು ಕಾಲನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು.

"ಅಲ್ಲಿ ಎಂತ ಬೆಳೀತಾರೆ?"

"ಅಡಿಕಿ. ಎಲಿ ಬಳ್ಳೀನೂ ಐತ್ರೀ."

ವ್ಯಾಪಾರಿ ಬಾಯಿ ತೆರೆದರು. "ಅಡಿಕೆನಾ? ಅಲ್ಲೂ?"

"ಮನಿಗೆ ಯಾರು ಬಂದ್ರೂ ಮೊದ್ಲು ಎಲಿ ಅಡಿಕಿ ಕೊಡ್ತೀವ್ರೀ. ಕೊಡದಿದ್ರ ಅವಮಾನ."

ವ್ಯಾಪಾರಿ ಯಜಮಾನರ ಮುಖ ನೋಡಿದರು. ಯಜಮಾನರು ನನ್ನ ಮುಖ ನೋಡಿದರು. ಭೂಮಿಯ ಆ ತುದಿಯಲ್ಲೂ ಎಲೆ ಅಡಿಕೆ!

"ಹಾಗಾದ್ರೆ ನೀವು ನಮ್ಮೋರೇ ಆತು," ಎಂದರು ವ್ಯಾಪಾರಿ. ಡಾಕ್ಟರಮ್ಮ ಗಾಯದ ಬಟ್ಟೆ ಆಗಲೇ ಬಿಚ್ಚಿದ್ದರು. ಅವರಿಗೆ ಅದರ ಗಮನವಿಲ್ಲ. "ಯಾರ ಪೈಕಿ? ತಂದೆ ಮನೆತನ ಯಾವುದು?"

"ನಮ್ಮಲ್ಲಿ ತಂದಿ ಮನೆತನ ಹೇಳಂಗಿಲ್ರೀ. ತಾಯಿ ಮನೆತನ."

"ಹಾಂ? ತೋಟ ಯಾರಿಗೆ ಮತ್ತೆ? ಅಣ್ಣತಮ್ಮಂದಿರಿಗೆ ತಾನೆ?"

"ಅಲ್ರೀ. ಕಿರೀ ಮಗಳಿಗೆ. ನನ್ನ ತಂಗಿಗೆ. ಅಣ್ಣ ಹೆಂಡ್ತಿ ಮನಿಗೆ ಹೋದ. ನಾನು ಹಿರೀ ಮಗಳು, ಅದಕ್ಕ ಇಲ್ಲಿ ಬಂದು ನಿಮ್ಮ ಕಾಲು ತೊಳಿಯಾಕತ್ತೀನಿ."

ಅಷ್ಟು ಹೊತ್ತೂ ಗಂಡನ ಹಿಂದೆ ಗೋಡೆಗೊರಗಿ ನಿಂತಿದ್ದ ವ್ಯಾಪಾರಿಯ ಹೆಂಡತಿ, ಸ್ಟೂಲು ಎಳೆದುಕೊಂಡು ಡಾಕ್ಟರಮ್ಮನ ಮುಂದೆ ಕೂತರು.

"ಡಾಕ್ಟ್ರೇ, ಇನ್ನೊಂದ್ಸಲ ಹೇಳಿ. ಗಂಡ, ಹೆಂಡ್ತಿ ಮನೆಗೆ?"

"ಹೌದ್ರೀ."

"ಆಸ್ತಿ, ಮಗಳ ಹೆಸರಿಗೆ?"

"ಹೌದ್ರೀ."

ವ್ಯಾಪಾರಿ ಗಾಬರಿಯಿಂದ ಏಳಹೋದರು. "ನಡಿ, ಶಿಕಾರಿಪುರಕ್ಕೇ ಹೋಗಿ ತೋರಿಸ್ತೀನಿ."

"ನೀವು ಹೋಗಿ ಬನ್ನಿ. ನಾನು ಇಲ್ಲೇ ತೋರಿಸ್ಕೊಳ್ತೀನಿ," ಎಂದರು ಹೆಂಡತಿ.

ವ್ಯಾಪಾರಿ ಹಾಗೇ ಕೂತರು. ಹೋಗೋಣವೆಂದರೆ ಕಾಲು ಡಾಕ್ಟರಮ್ಮನ ಕೈಯಲ್ಲಿತ್ತು. ಮುಂದೆ ದಿನ ಬಿಟ್ಟು ದಿನ ಬಂದು ಬಟ್ಟೆ ಕಟ್ಟಿಸಿಕೊಂಡರು. ಬೆರಳು ಉಳಿಯಿತು.

ಅವರ ಹೆಂಡತಿ ಅಂದು ಆನವಟ್ಟಿ ಬಸ್ಸಿನಲ್ಲಿ ಯಾರಿಗೆ ಏನು ಹೇಳಿದರೋ ತಿಳಿಯದು. ಮರುದಿನ ಬೆಳಿಗ್ಗೆ ನಾನು ಬಾಗಿಲು ತೆಗೆದರೆ ರಸ್ತೆಯವರೆಗೆ ಹೆಂಗಸರು. ಸೊಂಟನೋವು, ಮಂಡಿನೋವು, ತಲೆಸುತ್ತು. ಎಷ್ಟೋ ವರ್ಷದಿಂದ ಯಾರಿಗೂ ಹೇಳದೆ ಇಟ್ಟುಕೊಂಡ ಬೇನೆಗಳು. ಒಳಗೆ ಹೋದವರು ಬೇಗ ಹೊರಗೆ ಬರುತ್ತಿರಲಿಲ್ಲ. ನಗು ಮಾತ್ರ ಬರುತ್ತಿತ್ತು. ಯಜಮಾನರು ಬಾಗಿಲು ಹಾಕುವ ಮಾತು ಬಿಟ್ಟು ಇನ್ನೊಂದು ಬೆಂಚು ಕಳಿಸಿದರು.

ನನಗೆ ಅತಿ ಬೆರಗಾದದ್ದು ಬೇರೆ. ಹೆಂಡತಿಯರೊಂದಿಗೆ ಆಸ್ಪತ್ರೆಗೆ ಎಂದೂ ಬಾರದ ಗಂಡಸರು ಈಗ ತಪ್ಪದೆ ಜೊತೆಗೆ ಬರುತ್ತಾರೆ. ಮೊನ್ನೆ ಒಬ್ಬರು ಹೆಂಡತಿಯನ್ನು ಒಳಗೆ ಕಳಿಸಿ, ಆ ಬಾಗಿಲನ್ನೇ ನೋಡುತ್ತ ಬೆವರು ಒರೆಸಿಕೊಳ್ಳುತ್ತಿದ್ದರು.

"ಏನು ತೊಂದರೆ ನಿಮ್ಮವರಿಗೆ?" ಎಂದೆ.

"ಅವಳಿಗೆ ಎಂತದೂ ಇಲ್ಲ ಮಾರಾಯ್ರೆ. ಒಳಗೆ ಏನು ಹೇಳಿಕೊಡ್ತಾರೋ ಅಂತ ನಂಗೇ ಎದೆ ಹೊಡ್ಕೊಳ್ತಾ ಇದೆ."

ನಾನು ಅವರ ಹೆಸರಿಗೂ ಒಂದು ಟೋಕನ್ ಹರಿದು ಕೈಗೆ ಕೊಟ್ಟೆ.